ನಲ್ಲಿ ನೀವೇ ಬಿಚ್ಚಿ, ಸ್ವಿಚ್‌ಬೋರ್ಡ್ ಬೇಡ

ಮನೆ ರಿಪೇರಿಗೆ ನಾವೇ ಕೈಹಾಕುವುದೋ, ಕೆಲಸದವರನ್ನು ಕರೆಸುವುದೋ ಎಂದು ಹಲವರು ಕೂಲಿಯ ಲೆಕ್ಕದಲ್ಲೇ ತೀರ್ಮಾನಿಸುತ್ತಾರೆ. ಕೆಲಸ ಕೆಟ್ಟರೆ ಏನಾದೀತು ಎಂಬುದನ್ನು ಮೊದಲು ನೋಡಬೇಕು ಎನ್ನುತ್ತೇನೆ ನಾನು.

ತಪ್ಪು ಕಲ್ಪನೆ: ನಲ್ಲಿ ತೊಟ್ಟಿಕ್ಕಿದರೂ ಪ್ಲಂಬರೇ ಬರಬೇಕು.

ವಾಸ್ತವ: ಹಳೇ ಕಾಲದ ತಿರುಗಿಸುವ ನಲ್ಲಿಗೆ ಬೇಕಿಲ್ಲ. ಟ್ಯಾಂಕಿನ ಕೆಳಗಿನ ಗೇಟ್‌ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿದುಹೋದ ಮೇಲೆ ಸ್ಪ್ಯಾನರ್ ಹಿಡಿದು ನಲ್ಲಿಯ ತಲೆ ಬಿಚ್ಚಿ. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ಅದರ ಮೇಲೆ ಉಂಗುರದಂಥ ಗುರುತು ಬಿದ್ದಿರುತ್ತದೆ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಕೆಲಸ ಕೈಕೊಟ್ಟರೂ ಹೋಗುವುದು ಒಂದೆರಡು ಬಕೆಟ್ ನೀರು.

ತಪ್ಪು ಕಲ್ಪನೆ: ಮೇನ್ ಆಫ್ ಮಾಡಿಕೊಂಡರೆ ಕರೆಂಟ್ ಕೆಲಸಕ್ಕೆ ಭಯವಿಲ್ಲ.

ವಾಸ್ತವ: ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಆದೊಡನೆ ಅದರ ಲೈನಿಗೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ. ನೀವು ಕೈಯಿಡುವ ಬೋರ್ಡು ಅದೇ ಲೈನಿನದಾಗಿರಬಹುದು. ಅಪಾಯ ಅಷ್ಟಕ್ಕೇ ಮುಗಿಯದು, ನೀವು ಹಾಕಿದ ಜಾಯಿಂಟು ವರ್ಷಗಟ್ಟಲೆ ಅಲ್ಲೇ ಇರುತ್ತದೆ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್ ಪಾಯಿಂಟಿಗೆ ಕೊಟ್ಟರೂ ಮೊದಲ ದಿನ ನೀರು ಕಾಯುತ್ತದೆ, ಜನ ಮೋಸ ಹೋಗುವುದು ಅಲ್ಲೇ. ಸಾಕೆಟ್ ಹಳದಿಯಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಆಮೇಲೆ. ಎಂಸಿಬಿ ಇದೆಯಲ್ಲ ಎಂಬ ಧೈರ್ಯವೂ ಸಾಲದು. ಅದು ಕಾಯುವುದು ವೈರನ್ನು. ಶಾಕ್ ಹೊಡೆದಾಗ ಜೀವ ಉಳಿಸಲು ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಬಲ್ಬು ನೀವೇ ಬದಲಿಸಿ, ವೈರಿಂಗಿಗೆ ಲೈಸೆನ್ಸ್ ಇರುವವರನ್ನೇ ಕರೆಸಿ.

ತಪ್ಪು ಕಲ್ಪನೆ: ಬಣ್ಣ ಉದುರಿದ ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರಾಯಿತು.

ವಾಸ್ತವ: ಒಣಗಿದ ಗೋಡೆಯಾದರೆ ಸರಿ. ಗೋಡೆ ಉಬ್ಬಿ ಬಿಳಿ ಉಪ್ಪು ಕಟ್ಟಿದ್ದರೆ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ತನಕ ಬ್ರಷ್ ಮುಟ್ಟಬೇಡಿ.

ತಪ್ಪು ಕಲ್ಪನೆ: ಮೇಸ್ತ್ರಿಗೆ ಒಪ್ಪಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು.

ವಾಸ್ತವ: ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಕಾಂಕ್ರೀಟನ್ನು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ (ಒಪಿಸಿ) ಕನಿಷ್ಠ 7 ದಿನ, ಪೊಜೊಲಾನಾ ಬೆರೆತ ಸಿಮೆಂಟಾದರೆ (ಪಿಪಿಸಿ) 10 ದಿನ ತೇವವಾಗಿಡಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಅಷ್ಟರಲ್ಲಿ ಮೇಸ್ತ್ರಿ ಇನ್ನೊಂದು ಮನೆಯ ಕೆಲಸಕ್ಕೆ ಹೋಗಿರುತ್ತಾರೆ, ಗೋಣಿಚೀಲ ಹಾಸಿ ನೀರು ಹಾಕಬೇಕಾದವರು ನಾವೇ. ನಮ್ಮ ಹಿತ್ತಲಿನ ಕಟ್ಟೆಗೆ ನಾನು ಮೂರನೇ ದಿನಕ್ಕೇ ನೀರು ಹಾಕುವುದನ್ನು ನಿಲ್ಲಿಸಿಬಿಟ್ಟೆ. ಕೂದಲೆಳೆಯಂಥ ಬಿರುಕು ಕಂಡಾಗ ಮೇಸ್ತ್ರಿಯನ್ನು ಬೈದೆ. ತಪ್ಪು ನನ್ನದಿತ್ತು.

ಗೋಡೆ ಕೊರೆದು ಪೈಪು, ವೈರು ಎಳೆದ ಮೇಲೆ, ಗಾರೆ ಮುಚ್ಚುವ ಮುನ್ನ, ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಒಂದು ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.