ಹಿರಿಯರ ಕೈಗೆ ಮೊಬೈಲ್

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ತೋಟಗಳ ಸೀಮೆ. ಮಕ್ಕಳು ದೂರದ ಊರು ಸೇರಿದ ಮನೆಗಳಲ್ಲಿ ಹಿರಿಯರಿಗೆ ಮೊಮ್ಮಕ್ಕಳ ಮುಖ ತೋರಿಸಬಲ್ಲದ್ದು ವಿಡಿಯೊ ಕರೆ. ಕಲಿಸುವ ಮುನ್ನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಬೇಕು. ತೋಟದ ಕೆಲಸದಿಂದ ಒರಟಾಗಿ ಒಣಗಿದ ಬೆರಳನ್ನು ಪರದೆ ಸರಿಯಾಗಿ ಗುರುತಿಸದು. ಅದು ಕಲಿಯುವವರ ದಡ್ಡತನವಲ್ಲ. ಬೆರಳ ತುದಿ ತುಸು ತೇವ ಮಾಡಿಕೊಂಡರೆ ಅನುಕೂಲ. ಬರೆಯಲು ಬಾರದವರಿಗೆ ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವೇ ಉತ್ತಮ: ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡಿ, ಬಿಟ್ಟರಾಯಿತು. ಫೋನ್ ಕಲಿಯುವವರ ಕೈಯಲ್ಲೇ ಇರಬೇಕು. ಕಿತ್ತುಕೊಂಡು ಮಾಡಿ ತೋರಿಸಿದರೆ ಏನೂ ಉಳಿಯದು. ಒಟಿಪಿಯನ್ನು ಯಾರಿಗೂ ಹೇಳಬಾರದೆಂಬುದನ್ನು ಮೊದಲ ದಿನವೇ ತಿಳಿಸಬೇಕು. ಆನ್‌ಲೈನ್ ಮೋಸದಿಂದ ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಿರಿಯರ ಇತರ ತೊಂದರೆಗಳಿಗೆ 14567 ಸಹಾಯವಾಣಿಯಿದೆ.