ಎದೆ ಮೇಲೆ ಕೂರೋದು ದೆವ್ವ ಅಲ್ಲ, ನಿದ್ದೆಯ ಸಾಲ!

ಸುಗಟೂರು: ತಮ್ಮೇಗೌಡರ ಮನೆತನದಿಂದ ಹೆಸರಾದ ಸುಗಟೂರಲ್ಲಿ ಈಗ ಪಾಳೆಯಗಾರರಿಲ್ಲ. ಆದರೆ ರಾತ್ರಿ ಹೊತ್ತು ಜನರ ಎದೆ ಮೇಲೆ ಕೂತು ದರ್ಬಾರು ನಡೆಸೋ ಒಬ್ಬ ಪಾಳೆಯಗಾರ ಮಾತ್ರ ಎಲ್ಲ ಊರಲ್ಲೂ ಇದ್ದಾನೆ. ಅವನಿಗೆ ಕಪ್ಪ ಕೊಟ್ಟವರೂ ಕಮ್ಮಿಯಿಲ್ಲ!

ಹೊತ್ತು ಬೆಳಗಿನ ಜಾವ. ಎಚ್ಚರ ಆಗಿರುತ್ತೆ. ಕಣ್ಣು ಬಿಟ್ಟರೆ ಸೂರು ಕಾಣುತ್ತೆ, ಪಕ್ಕದಲ್ಲಿ ಮಲಗಿದ ಮಗುವಿನ ಉಸಿರೂ ಕೇಳಿಸುತ್ತೆ. ಆದರೆ ಕೈ ಎತ್ತೋಣ ಅಂದರೆ ಏಳೋದಿಲ್ಲ. ಕೂಗೋಣ ಅಂದರೆ ದನಿ ಹೊರಡೋದಿಲ್ಲ. ಬಾಗಿಲ ಹತ್ತಿರ ಯಾರೋ ನಿಂತಂಗೆ. ಎದೆ ಮೇಲೆ ರಾಗಿ ಮೂಟೆ ಹೇರಿದಂಗೆ. ಒಂದೆರಡು ನಿಮಿಷ ಅಷ್ಟೆ, ಆಮೇಲೆ ಎಲ್ಲ ಮಾಮೂಲು. ಮೈ ಮಾತ್ರ ಬೆವರಿ ತೊಪ್ಪೆ.

ಬೆಳಗಾದ ಮೇಲೆ ಪಂಚಾಯ್ತಿ ಶುರು. "ಗಾಳಿ ಸೋಕೈತೆ, ದೆವ್ವ ಅಮುಕೈತೆ" ಅಂತ ಮನೆ ಅಜ್ಜಿ. "ಲಕ್ವ ಹೊಡೆಯೋ ಸೂಚನೆ ಕಣಯ್ಯ" ಅಂತ ಪಕ್ಕದ ಮನೆಯವರು. ಒಬ್ಬರು ತಾಯತ ಕಟ್ಟಿಸೋಕೆ ಕಳಿಸುತ್ತಾರೆ, ಇನ್ನೊಬ್ಬರು ಹೆದರಿಸಿ ಅರ್ಧ ಜೀವ ಮಾಡುತ್ತಾರೆ. ಎರಡು ಮಾತೂ ತಪ್ಪು.

ವೈದ್ಯರು ಇದಕ್ಕೆ ಸ್ಲೀಪ್ ಪೆರಾಲಿಸಿಸ್ ಅನ್ನುತ್ತಾರೆ. ಕನ್ನಡದಲ್ಲಿ ನಿದ್ರಾ ಪಾರ್ಶ್ವವಾಯು ಅಂತ ಬರೆಯೋರೂ ಉಂಟು. ಈ ಹೆಸರೇ ಹಲವರನ್ನು ಹೆದರಿಸಿರೋದು. ಲಕ್ವದಲ್ಲಿ ಬೀಳೋದು ಸಾಮಾನ್ಯವಾಗಿ ಒಂದು ಮಗ್ಗುಲು. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿ, ಎದ್ದ ಮೇಲೂ ಹಾಗೇ ಇದ್ದರೆ ಅದು ಲಕ್ವ. ಅದಕ್ಕೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಇದು ಹಾಗಲ್ಲ. ಇಡೀ ಮೈ ಕಟ್ಟಿಹಾಕಿ, ನಿಮಿಷದಲ್ಲಿ ಬಿಟ್ಟು ಹೋಗುತ್ತೆ.

ಬೀಗ ತೆಗೆಯೋದು ತಡವಾದರೆ

ನಿದ್ದೆಯಲ್ಲೂ ತರಾವರಿ ಇದೆ. ಕಣ್ಣುಗುಡ್ಡೆ ರೆಪ್ಪೆಯೊಳಗೆ ಓಡಾಡೋ ಕನಸಿನ ನಿದ್ದೆಯ ವಿಚಾರವನ್ನು 1953ರಲ್ಲಿ ಅಮೆರಿಕದ ಷಿಕಾಗೋದ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದರು. ಆ ಹೊತ್ತಲ್ಲಿ ಮೆದುಳು ಕೈಕಾಲಿಗೆಲ್ಲ ಬೀಗ ಹಾಕುತ್ತೆ. ಇಲ್ಲದಿದ್ದರೆ ಕನಸಲ್ಲಿ ಓಡಿದವನು ಹಾಸಿಗೆಯಿಂದಲೂ ಎದ್ದು ಓಡಬೇಕಾಗಿತ್ತು! ಕಣ್ಣಿಗೆ ಮತ್ತು ಉಸಿರಾಟ ನಡೆಸೋ ವಪೆಗೆ ಮಾತ್ರ ಬೀಗ ಇಲ್ಲ.

ಒಮ್ಮೊಮ್ಮೆ ಬೀಗ ತೆಗೆಯೋ ಮುಂಚೆಯೇ ಮನಸ್ಸಿಗೆ ಎಚ್ಚರ ಆಗಿಬಿಡುತ್ತೆ. ಕನಸು ಅರ್ಧ ಉಳಿದಿರುತ್ತೆ, ಅದೇ ಬಾಗಿಲ ಹತ್ತಿರ ನಿಂತ ಆಸಾಮಿ. ಎದೆಯ ಮಾಂಸಖಂಡ ಸಡಿಲವಾಗಿರೋದರಿಂದ ಬೇಕು ಅಂದಷ್ಟು ಉಸಿರು ಎಳೆಯೋಕಾಗಲ್ಲ, ಅದೇ ಎದೆ ಮೇಲಿನ ಮೂಟೆ. ಆದರೆ ಉಸಿರು ನಿಲ್ಲೋದಿಲ್ಲ.

ಇದು ನಮ್ಮ ಸೀಮೆಗೆ ಮಾತ್ರ ಬಂದ ಪೀಡೆಯೂ ಅಲ್ಲ. ಜಪಾನಿನವರು ಇದನ್ನು ಕನಾಶಿಬಾರಿ ಅನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿಯೊಬ್ಬಳು ಬಂದು ಎದೆ ಮೇಲೆ ಕೂರುತ್ತಾಳೆ ಅನ್ನೋ ನಂಬಿಕೆ. 2011ರಲ್ಲಿ ಅಮೆರಿಕದ ಸಂಶೋಧಕರು ಹಲವು ದೇಶಗಳ ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ನೂರರಲ್ಲಿ ಸುಮಾರು 8 ಜನಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಹೀಗೆ ಆಗಿತ್ತು. ವಿದ್ಯಾರ್ಥಿಗಳಲ್ಲಿ ಸುಮಾರು 28. ಲೆಕ್ಕ ಹಾಕಿ: 50 ಜನ ಇರೋ ಬಸ್ಸಲ್ಲಿ ನಾಲ್ಕು ಮಂದಿ ಈ ಅನುಭವಸ್ಥರು. ಬಾಯಿ ಬಿಡೋರು ಯಾರು?

ಹುಳಕ್ಕುಂಟು, ಮನುಷ್ಯನಿಗಿಲ್ಲ

ಇದನ್ನು ಕರೆಯೋ ಮುಖ್ಯ ಆಸಾಮಿ ನಿದ್ದೆಗೇಡು. ಹೊತ್ತುಗೊತ್ತಿಲ್ಲದ ನಿದ್ದೆ, ಮನಸ್ಸಿನ ಚಿಂತೆ, ಅಂಗಾತ ಮಲಗೋದು ಇವೂ ಜತೆಗೂಡುತ್ತವೆ. ಈಗ ನಮ್ಮ ಕಡೆಯ ರಾತ್ರಿಗಳನ್ನು ನೋಡಿ.

ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ತಿಂದದ್ದೇ ತಿಂದದ್ದು. ಹುಟ್ಟಿದಾಗಿಂದ ತಿನ್ನೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆಗಲೇ ಬೇಕು. ರಾತ್ರಿ ಸರಿಹೊತ್ತಿಗೊಂದು ಸಲ, ಕೋಳಿ ಕೂಗೋ ಹೊತ್ತಿಗೊಂದು ಸಲ ಸೊಪ್ಪು. ಆ ಕೆಲಸ ಬಹಳ ಮನೆಗಳಲ್ಲಿ ಹೆಂಗಸರ ತಲೆಗೇ. ಜ್ವರಕ್ಕೆ ಕೂತ ಹುಳವನ್ನು ಯಾರೂ ಮುಟ್ಟೋದಿಲ್ಲ, ಸೊಪ್ಪು ಹಾಕೋಳು ಎಷ್ಟು ಮಲಗಿದಳು ಅಂತ ಯಾರೂ ಕೇಳೋದಿಲ್ಲ.

ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದರೆ ಬೋರ್‌ವೆಲ್ ಮೋಟರ್ ಹಾಕೋಕೆ ರೈತ ಎದ್ದು ಹೋಗಬೇಕು. ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಹಾಕೋರಿಗೆ ಮಂಡಿಯ ಹೊತ್ತೇ ಗಡಿಯಾರ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಕ್ಕೆ ಹೋಗೋ ಹುಡುಗ ಹುಡುಗಿಯರಿಗೆ ಶಿಫ್ಟ್ ಬದಲಾದ ಹಾಗೆಲ್ಲ ನಿದ್ದೆಯೂ ಬದಲು. ಅಂಗಡಿಯ ಸಾಲ ತೀರಿಸದಿದ್ದರೆ ಸಾಹುಕಾರ ಮನೆ ಬಾಗಿಲಿಗೆ ಬರುತ್ತಾನೆ. ನಿದ್ದೆಯ ಸಾಲಗಾರ ಎದೆ ಮೇಲೇ ಬಂದು ಕೂರುತ್ತಾನೆ.

ಬಂದಾಗ ಏನು ಮಾಡೋದು?

ಗುದ್ದಾಡಬೇಡಿ. ಗುದ್ದಾಡಿದಷ್ಟೂ ಗಾಬರಿ ಹೆಚ್ಚು. "ಇದು ನಿದ್ದೆಯ ಬೀಗ, ಈಗ ತೆಗೆಯುತ್ತೆ" ಅಂದುಕೊಳ್ಳಿ. ಉಸಿರಿನ ಮೇಲೆ ಗಮನ ಇಟ್ಟು ಒಂದು ಬೆರಳ ತುದಿ, ಇಲ್ಲಾ ನಾಲಿಗೆ ಅಲ್ಲಾಡಿಸೋಕೆ ನೋಡಿ. ಮಗ್ಗುಲಾಗಿ ಮಲಗೋದು, ದಿನಾ ಒಂದೇ ಹೊತ್ತಿಗೆ ಮಲಗೋದು, ರಾತ್ರಿ ಹೆಂಡ ಕಾಫಿ ಬಿಡೋದು, ಇಷ್ಟರಲ್ಲೇ ಬಹಳ ಜನಕ್ಕೆ ಕಮ್ಮಿಯಾಗುತ್ತೆ.

ಪದೇ ಪದೇ ಬಂದರೆ, ಹಗಲಲ್ಲಿ ತಡೆಯಲಾರದ ನಿದ್ದೆ ಹತ್ತಿದರೆ, ನಕ್ಕಾಗ ಮಂಡಿ ಕುಸಿದರೆ, ಗೊರಕೆ ಮಧ್ಯೆ ಉಸಿರು ಕಟ್ಟಿದರೆ ಡಾಕ್ಟರನ್ನು ಕಾಣಬೇಕು. ಅದರ ಹಿಂದೆ ಬೇರೆ ನಿದ್ದೆ ಕಾಯಿಲೆ ಇರಬಹುದು. ಕೋಲಾರದಲ್ಲಿ ಎಸ್ಸೆನ್ನಾರ್ ಜಿಲ್ಲಾಸ್ಪತ್ರೆ ಇದೆ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಭಯ, ಚಿಂತೆ ಹೇಳಿಕೊಳ್ಳೋಕೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರು 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೆವ್ವ ಬಿಡಿಸೋ ನೆಪದಲ್ಲಿ ಹೊಡೆಯೋದು, ಕಟ್ಟಿಹಾಕೋದು, ಮೆಣಸಿನಕಾಯಿ ಹೊಗೆ ಹಾಕೋದು ಈಗ ಅಪರಾಧ. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಕೋಲಾರ ಜಿಲ್ಲೆ ಒಂದಾಗಿದ್ದ ಕಾಲದಲ್ಲಿ ಗೌರಿಬಿದನೂರಿನ ಹೊಸೂರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲೇ ಪವಾಡ, ಮೂಢನಂಬಿಕೆ ಪರೀಕ್ಷಿಸೋಕೆ ಸಮಿತಿ ಮಾಡಿದ್ದರು. ಅಂಥವರ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ನಿದ್ದೆಗೆಟ್ಟ ತಪ್ಪಿಗೆ ಬೇವಿನ ಬರಲಲ್ಲಿ ಏಟು ತಿನ್ನಬೇಕೆ?

ಮನೆಯವರಿಗೂ ಕೆಲಸ ಇದೆ. ಪಕ್ಕದಲ್ಲಿ ಮಲಗಿದವರು ನಿದ್ದೆಯಲ್ಲಿ ನರಳಿದರೆ ಹೆಸರು ಹಿಡಿದು ಕೂಗಿ, ಭುಜ ಮುಟ್ಟಿ. ಬಹಳ ಸಲ ಅಷ್ಟಕ್ಕೇ ಬೀಗ ಬಿಡುತ್ತೆ. ಹುಳ ಹಣ್ಣಾಗಿ ಚಂದ್ರಿಕೆ ಹತ್ತೋ ತನಕ, ಸರಿಹೊತ್ತಿನ ಸೊಪ್ಪನ್ನು ಒಂದು ದಿನ ಆಕೆ ಹಾಕಲಿ, ಇನ್ನೊಂದು ದಿನ ಗಂಡ ಎದ್ದು ಹಾಕಲಿ.