ತೆನೆಯ ಹಬ್ಬದಿಂದ ನೆರೆಮನೆಯವರೆಗೆ: ಕರಾವಳಿಯ ಇಗರ್ಜಿ ಬದುಕು

ಆಗಸ್ಟ್ ತಿಂಗಳ ಕೊನೆಯ ದಿನಗಳು. ಮಳೆ ಕೊಂಚ ಇಳಿಮುಖವಾಗಿ, ಬೇಗ ನಾಟಿಯಾದ ಗದ್ದೆಗಳಲ್ಲಿ ಭತ್ತ ತೆನೆ ಬಿಡುವ ಕಾಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಥೋಲಿಕ ಇಗರ್ಜಿಗಳ ಕಡೆಗೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೊರಡುತ್ತಾರೆ. ಅಂಗಳದ ದಾಸವಾಳ, ಬೇಲಿಯ ಮೇಲಿನ ಕಾಡುಹೂ, ನೆರೆಮನೆಯವರು ಕೊಟ್ಟ ಗೊಂಡೆಹೂ ಎಲ್ಲವೂ ಬುಟ್ಟಿ ಸೇರುತ್ತವೆ. ಒಂಬತ್ತು ದಿನಗಳ ಈ ಪ್ರಾರ್ಥನೆಯಲ್ಲಿ ಬಾಲ ಮರಿಯಮ್ಮನ ಪುಟ್ಟ ಪ್ರತಿಮೆಗೆ ಮಕ್ಕಳು ಹಾಡುತ್ತಾ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹಬ್ಬ. ಅದೇ 'ಮೊಂತಿ ಫೆಸ್ತ್'.

ಅಂದು ಇಗರ್ಜಿಯಲ್ಲಿ ಭತ್ತದ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಲಾಗುತ್ತದೆ. ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದಿರಿಸಿ ಪ್ರಾರ್ಥಿಸುತ್ತಾರೆ. ಬಳಿಕ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಇದು 'ನೊವೆಂ', ಅಂದರೆ ಹೊಸತು. ಮೀನು ಮಾಂಸವಿಲ್ಲದೆ ಹಬ್ಬವಿಲ್ಲ ಎನ್ನುವ ಮನೆಗಳಲ್ಲೂ ಅಂದು ಬಾಳೆಲೆಯ ಮೇಲೆ ತರಕಾರಿ ಊಟವೇ. ದೂರದೂರಿನಲ್ಲಿರುವ ಮಗನಿಗೋ ಮಗಳಿಗೋ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿ ಬಹುಕಾಲದ್ದು.

ಧಾರ್ಮಿಕ ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ ಈ ಹಬ್ಬದಲ್ಲಿ ಒಂದು ಉತ್ತರವಿದೆ. ಪ್ರವಚನಕ್ಕಿಂತ ಮೊದಲು ಅದು ಹಂಚಿಕೊಳ್ಳುವುದರಿಂದ ದಾಟುತ್ತದೆ. ಕರಾವಳಿಯ ಕ್ರೈಸ್ತರ ಬದುಕಿನಲ್ಲಿ ಈ ಹಂಚಿಕೆಗೆ ಮೂರು ನೆಲೆಗಳಿವೆ: ಮನೆ ಮತ್ತು ಇಗರ್ಜಿ, ಇಗರ್ಜಿ ಮತ್ತು ಬಡವರು, ಇಗರ್ಜಿ ಮತ್ತು ಅನ್ಯಧರ್ಮದ ನೆರೆಯವರು.

ಗುಡ್ಡದ ಹೆಸರು, ನೆಲದ ಹಬ್ಬ

'ಮೊಂತಿ' ಎಂಬ ಪದದ ಮೂಲ ಮಂಗಳೂರಿನ ಸಮೀಪ, ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿದೆ. ಅಲ್ಲಿನ ಇಗರ್ಜಿಗೆ 'ಮೊಂತೆ ಮರಿಯಾನೊ', ಅಂದರೆ ಮರಿಯಳ ಗುಡ್ಡ ಎಂದು ಹೆಸರು. 1763ರಲ್ಲಿ ಗೋವಾ ಮೂಲದ ಧರ್ಮಗುರು ಜೋಕಿಂ ಮಿರಾಂದಾ ಅವರು ಇಲ್ಲಿ ಈ ಆಚರಣೆಯನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಮರಿಯಮ್ಮನ ಜನ್ಮದಿನವನ್ನು ಲೋಕದ ಕಥೋಲಿಕರೆಲ್ಲ ಸೆಪ್ಟೆಂಬರ್ 8ರಂದೇ ಆಚರಿಸುತ್ತಾರೆ. ಅದಕ್ಕೆ ಹೊಸ ಅಕ್ಕಿ ಸೇರಿಕೊಂಡದ್ದು ಈ ಮಣ್ಣಿನ ಗುಣ.

ಗೋವಾದಿಂದ ವಲಸೆ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಕೊಂಕಣಿ ಕ್ರೈಸ್ತರಿಗೆ ಹೊಸ ಬೆಳೆಯನ್ನು ದೇವರಿಗೆ ಒಪ್ಪಿಸಿ ಉಣ್ಣುವುದು ಅಪರಿಚಿತವೇನೂ ಆಗಿರಲಿಲ್ಲ. ತುಳುನಾಡಿನ ಹಿಂದೂ ಮನೆಗಳಲ್ಲೂ ತೆನೆ ತಂದು ಮನೆಗೆ ಕಟ್ಟಿ 'ಪುದ್ವಾರ್' ಊಟ ಮಾಡುತ್ತಾರೆ. ಕೊಡಗಿನಲ್ಲಿ ಪುತ್ತರಿ ಇದೆ. ಪ್ರಾರ್ಥನೆ ಬೇರೆಯಾದರೂ ಗದ್ದೆ ಒಂದೇ ಆಗಿದ್ದುದರಿಂದ ಒಬ್ಬರ ಹಬ್ಬ ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು.

ವಾಳೆ ಮತ್ತು ಗುರಿಕಾರ

ಹೊರಗಿನವರಿಗೆ ಇಗರ್ಜಿ ಎಂದರೆ ಭಾನುವಾರ ಗಂಟೆ ಬಾರಿಸುವ ಕಟ್ಟಡ. ಒಳಗಿನವರಿಗೆ ಅದೊಂದು ವ್ಯವಸ್ಥೆ. ಪ್ರತಿ ಧರ್ಮಕೇಂದ್ರವನ್ನೂ 'ವಾಳೆ'ಗಳಾಗಿ ವಿಂಗಡಿಸಲಾಗಿರುತ್ತದೆ. ಒಂದು ವಾಳೆಯಲ್ಲಿ ಕೆಲವು ಹತ್ತು ಮನೆಗಳು, ಅದಕ್ಕೊಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ, ಯಾವ ಕುಟುಂಬಗಳ ನಡುವೆ ಮಾತು ನಿಂತಿದೆ ಎಂಬುದು ವಿಗಾರರಿಗೆ, ಅಂದರೆ ಇಗರ್ಜಿಯ ಮುಖ್ಯ ಗುರುಗಳಿಗೆ, ತಲುಪುವುದು ಇವರ ಮೂಲಕ. ಸಾವಿನ ಮನೆಗೆ ಮೊದಲು ಬರುವವರಲ್ಲಿ ಗುರಿಕಾರರೂ ಒಬ್ಬರು. ವಾಳೆಯ ಕುಟುಂಬಗಳು ಆಗಾಗ ಒಂದೊಂದು ಮನೆಯಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುತ್ತವೆ.

ಮನೆಯ ಮಟ್ಟದಲ್ಲಿ ಸಂಜೆಯ 'ತೇರ್ಸ್' ಇದೆ. ಜಪಸರ ಹಿಡಿದು ಮನೆಮಂದಿಯೆಲ್ಲ ಒಟ್ಟಾಗಿ ಹೇಳುವ ಪ್ರಾರ್ಥನೆ ಇದು. ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಬೇಡುವುದು ವಾಡಿಕೆ. ಮಕ್ಕಳಿಗೆ ಭಾನುವಾರ ಕ್ರೈಸ್ತ ಶಿಕ್ಷಣದ ತರಗತಿಗಳಿರುತ್ತವೆ.

ಈ ಮನೆ-ಇಗರ್ಜಿ ಸಂಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಇತಿಹಾಸದ ಸಾಕ್ಷಿಯಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಬದುಕುಳಿದವರು ಊರಿಗೆ ಮರಳಿದಾಗ ಇಗರ್ಜಿಗಳಲ್ಲಿ ಬಹುಪಾಲು ನಾಶವಾಗಿದ್ದವು. ಅವುಗಳನ್ನು ಮತ್ತೆ ಕಟ್ಟಿದವರು ಇದೇ ಕುಟುಂಬಗಳು. ಮುಂದೆ 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಬಲಿಪೂಜೆಯ ಜಾಗಕ್ಕೆ ಜನರ ನುಡಿಯನ್ನು ತಂದಿತು. ಇಗರ್ಜಿಯ ಕೆಲಸದಲ್ಲಿ ಜನಸಾಮಾನ್ಯರ ಪಾತ್ರವನ್ನೂ ಹಿಗ್ಗಿಸಿತು. ಇಂದಿನ ಪಾಲನಾ ಮಂಡಳಿಗಳು ಆ ಚಿಂತನೆಯ ಫಲ.

ಕಂಕನಾಡಿಯ ಔಷಧಾಲಯ

ಪ್ರಾರ್ಥನೆ ಇಗರ್ಜಿಯ ಬಾಗಿಲು ದಾಟದಿದ್ದರೆ ನಂಬಿಕೆ ಬಡವಾಗುತ್ತದೆ ಎಂಬುದು ಕ್ರೈಸ್ತ ಧರ್ಮದ ಹಳೆಯ ಎಚ್ಚರಿಕೆ. ಮಂಗಳೂರಿನಲ್ಲಿ ಇದನ್ನು ಬದುಕಿ ತೋರಿಸಿದವರಲ್ಲಿ ಜರ್ಮನ್ ಮೂಲದ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ ಪ್ರಮುಖರು. 1880ರಲ್ಲಿ ಅವರು ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಎದ್ದಿತು. ಮನೆಯವರೇ ದೂರವಿಟ್ಟವರನ್ನು ಒಳಗೆ ಕರೆದುಕೊಂಡ ಆ ಚಿಕ್ಕ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ. ಊರಿನ ಎಲ್ಲ ಜಾತಿ-ಮತದವರೂ ಅದರ ಬಾಗಿಲು ತುಳಿದವರೇ.

ಅದೇ ನಗರದ ಬೆಂದೂರಿನಲ್ಲಿ ವಿಗಾರರಾಗಿದ್ದ ರೇಮಂಡ್ ಮಸ್ಕರೇನ್ಹಸ್ 1921ರಲ್ಲಿ ಬೆಥನಿ ಭಗಿನಿಯರ ಸಂಸ್ಥೆಯನ್ನು ಸ್ಥಾಪಿಸಿದರು. ಬಡ ಹೆಣ್ಣುಮಕ್ಕಳ ವಿದ್ಯಾಭ್ಯಾಸ ಅದರ ಮುಖ್ಯ ಕಾಳಜಿಯಾಗಿತ್ತು. ಒಂದು ಇಗರ್ಜಿಯ ಅಂಗಳದಲ್ಲಿ ಹುಟ್ಟಿದ ಕೆಲಸ ಹೀಗೆ ದೇಶದ ನಾನಾ ಭಾಗಗಳಿಗೆ ಹಬ್ಬಿತು.

ಹೆಸರು ಬಯಸದ ಸೇವೆಯೂ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಂ ಎಂಬ ವಿದ್ಯಾರ್ಥಿ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಗೆ ಕರಾವಳಿಯ ಅನೇಕ ಇಗರ್ಜಿಗಳಲ್ಲಿ ಘಟಕಗಳಿವೆ. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ಬಡವರನ್ನು ಕಚೇರಿಗೆ ಕರೆಸದೆ ಅವರ ಮನೆಗೆ ತಾವೇ ಹೋಗಬೇಕೆಂಬುದು ಈ ಸಭೆಯ ನಿಯಮ. ಕೊಡುವವನ ದೊಡ್ಡಸ್ತಿಕೆಯನ್ನೂ ಪಡೆಯುವವನ ಸಂಕೋಚವನ್ನೂ ತಗ್ಗಿಸುವ ಉಪಾಯವಿದು.

ಅತ್ತೂರಿನ ಮೊಂಬತ್ತಿ

ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸ್ ಪುಣ್ಯಕ್ಷೇತ್ರದಲ್ಲಿ ಜನವರಿ ಕೊನೆಯಲ್ಲಿ ಹಲವು ದಿನಗಳ ವಾರ್ಷಿಕ ಜಾತ್ರೆ. ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕ್ರೈಸ್ತರಷ್ಟೇ ಇರುವುದಿಲ್ಲ. ಮಗುವಿಗೆ ಕಾಯಿಲೆ ಗುಣವಾದದ್ದಕ್ಕೆ ಹರಕೆ ತೀರಿಸಲು ಬಂದ ಹಿಂದೂ ತಾಯಿ, ಅಂಗಡಿ ಹಾಕಿದ ಮುಸ್ಲಿಂ ವ್ಯಾಪಾರಿ, ಪುಷ್ಕರಿಣಿಯ ನೀರು ತುಂಬಿಸಿಕೊಳ್ಳುವ ಜೈನ ಕುಟುಂಬ ಎಲ್ಲರೂ ಅಲ್ಲಿ ಸಿಗುತ್ತಾರೆ. 2016ರಲ್ಲಿ ಈ ಇಗರ್ಜಿ ಬೆಸಿಲಿಕಾ ಪದವಿಗೇರಿತು.

ಸಂತ ಲಾರೆನ್ಸ್ ಕ್ರಿ.ಶ. 258ರಲ್ಲಿ ಹುತಾತ್ಮನಾದ ರೋಮಿನ ಧರ್ಮಸೇವಕ. ಇಗರ್ಜಿಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಗದರಿಸಿದಾಗ ಅವನು ಬಡವರನ್ನೂ ಅಂಗವಿಕಲರನ್ನೂ ಕರೆತಂದು, ಇವರೇ ನಮ್ಮ ಸಂಪತ್ತು ಎಂದನಂತೆ. ದಾನಕ್ಕೆ ಹೆಸರಾದ ಇಂಥ ಸಂತನ ಬಳಿ ಎಲ್ಲರೂ ಬರುವುದು ಆಶ್ಚರ್ಯವೇನಲ್ಲ.

1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೊಸ್ತ್ರ ಎತಾತೆ' ಎಂಬ ಘೋಷಣೆಯು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಅತ್ತೂರಿಗೆ ಬರುವ ಜನ ಆ ದಾಖಲೆಯನ್ನು ಓದಿದವರಲ್ಲ. ಕ್ರಿಸ್ಮಸ್‌ನ 'ಕುಸ್ವಾರ್' ತಿಂಡಿಯ ತಟ್ಟೆ ನೆರೆಮನೆಗೆ ಹೋಗುವುದು, ಚೌತಿಯ ಕಡುಬು, ಈದ್‌ನ ಬಿರಿಯಾನಿ ಅತ್ತಕಡೆಯಿಂದ ಬರುವುದು ಅವರಿಗೆ ಗೊತ್ತಿರುವ ಪಾಠ.

ಪರೀಕ್ಷೆಯ ದಿನಗಳು

ಈ ಪಾಠ ತಾನಾಗಿ ಉಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ. 2008ರಲ್ಲಿ ಮೊಂತಿ ಫೆಸ್ತ್ ಮುಗಿದು ಆರೇ ದಿನಕ್ಕೆ, ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನಲ್ಲೂ ಇತರೆಡೆಯೂ ಕ್ರೈಸ್ತರ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಗಳು ನಡೆದವು. ತಲೆಮಾರುಗಳಿಂದ ಒಂದೇ ಬಾವಿಯ ನೀರು ಕುಡಿದವರ ನಡುವೆಯೂ ಅಂದು ಮಾತು ತಡವರಿಸಿತು. ಸೌಹಾರ್ದ ಸಭೆಗಳು, ಎಲ್ಲ ಧರ್ಮದ ಮುಖಂಡರ ಕರೆಗಳು ಅಗತ್ಯವೇ. ಆದರೆ ಒಡೆದ ವಿಶ್ವಾಸ ಮತ್ತೆ ಬೆಸೆಯಬೇಕಾದದ್ದು ಬೇಲಿಯ ಬಳಿ, ಆಸ್ಪತ್ರೆಯ ಜಗಲಿಯಲ್ಲಿ, ಸಾವಿನ ಮನೆಯ ಅಂಗಳದಲ್ಲಿ.

ಇನ್ನೊಂದು ಪರೀಕ್ಷೆ ಸದ್ದಿಲ್ಲದ್ದು. ಗದ್ದೆಗಳು ಕಡಿಮೆಯಾಗಿವೆ. ಪೇಟೆಯ ಇಗರ್ಜಿಗಳಿಗೆ ತೆನೆಯನ್ನು ಬೇರೆಡೆಯಿಂದ ತರಿಸಬೇಕು. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅನೇಕ ಮನೆಗಳಲ್ಲಿ ಸಂಜೆಯ ತೇರ್ಸ್ ಹೇಳಲು ಇಬ್ಬರು ಮುದುಕರಷ್ಟೇ ಉಳಿದಿದ್ದಾರೆ. ಅಂಥ ಮನೆಯ ಬಾಗಿಲನ್ನು ರಾತ್ರಿಯಲ್ಲಿ ತಟ್ಟಿ ವಿಚಾರಿಸುವವರು ಗುರಿಕಾರರೂ ಆಗಬಹುದು, ಪಕ್ಕದ ಮನೆಯ ಹಿಂದೂ ಅಥವಾ ಮುಸ್ಲಿಂ ಹುಡುಗನೂ ಆಗಬಹುದು.

ಊರು ಬಿಟ್ಟವರು ಹಬ್ಬವನ್ನು ಬಿಟ್ಟಿಲ್ಲ. ಮುಂಬೈಯಲ್ಲೂ ಕೊಲ್ಲಿಯಲ್ಲೂ ಮಂಗಳೂರಿನವರು ಸೇರಿ ಸೆಪ್ಟೆಂಬರ್‌ನಲ್ಲಿ ಮೊಂತಿ ಫೆಸ್ತ್ ಆಚರಿಸುತ್ತಾರೆ, ಮಕ್ಕಳ ಕೈಗೆ ಹೂ ಕೊಡುತ್ತಾರೆ. ಆ ಮಕ್ಕಳಿಗೆ ಗದ್ದೆಯ ಪರಿಚಯ ಇಲ್ಲದಿರಬಹುದು. ಹೊಸ ಅಕ್ಕಿಯನ್ನು ಒಬ್ಬರೇ ಉಣ್ಣಬಾರದೆಂಬುದು ತಿಳಿದರೆ ಹಬ್ಬದ ಅರ್ಧ ಪಾಠವನ್ನು ಕಲಿತಂತೆ. ಉಳಿದ ಅರ್ಧವನ್ನು ಕಲಿಸಬೇಕಾದವರು ನೆರೆಹೊರೆಯವರು.